51ನೇ ವಯಸ್ಸಿಗೆ ಶುರು ಮಾಡಿ 32 ಧೂಮಕೇತು ಕಂಡುಹಿಡಿದ ಕ್ಯಾರೊಲಿನ್ ಶೂಮೇಕರ್: ಈ ಕೆಲಸಕ್ಕೆ ವಯಸ್ಸು, ಡಿಗ್ರಿ ಎಷ್ಟು ಬೇಕು?

ಅಮಾವಾಸ್ಯೆಗೆ_ಕಾಯುವವಳು

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದುತ್ತಿದ್ದೆ. ಬರೆಯುತ್ತಿರುವುದು ಇದೇ ಮೊದಲು.

ನನಗೆ 49. ಓದಿದ್ದು ಬಿ.ಎ., ಅದೂ ಇತಿಹಾಸ. ಮಗ ಕಾಲೇಜಿಗೆಂದು ಬೇರೆ ಊರಿಗೆ ಹೋದ ಮೇಲೆ ಮನೆ ಖಾಲಿ ಖಾಲಿ ಅನಿಸುತ್ತಿತ್ತು. ಊಟ ಆದ ಮೇಲೆ ತಾರಸಿಗೆ ಹೋಗಿ ಆಕಾಶ ನೋಡುವುದು ಅಭ್ಯಾಸವಾಯಿತು. ಹೋದ ತಿಂಗಳು ಒಂದು ಕಡೆ ಖಗೋಳ ತರಬೇತಿ ಇದೆ ಅಂತ ಹೆಸರು ಕೊಡಲು ಹೋದೆ. "ಇದು ವಿಜ್ಞಾನ ಓದುವ ಮಕ್ಕಳಿಗೆ ಮೇಡಂ, ಈ ವಯಸ್ಸಿನಲ್ಲಿ ನಿಮಗ್ಯಾಕೆ" ಅಂದರು. ಏನೂ ಹೇಳದೆ ವಾಪಸ್ ಬಂದೆ, ಆದರೆ ಬಸ್ಸಿನಲ್ಲಿ ಕೂತಾಗ ಕಣ್ಣು ತುಂಬಿ ಬಂತು.

ಆಮೇಲೆ ಕ್ಯಾರೊಲಿನ್ ಶೂಮೇಕರ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅದನ್ನು ನಿಮ್ಮ ಜೊತೆ ಹಂಚಿಕೊಳ್ಳದೆ ಇರಲು ಆಗುತ್ತಿಲ್ಲ.

1929ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದ ಗ್ಯಾಲಪ್ ಅನ್ನುವ ಊರಲ್ಲಿ ಹುಟ್ಟಿದವರು. ಬೆಳೆದಿದ್ದು ಕ್ಯಾಲಿಫೋರ್ನಿಯಾದ ಚಿಕೋದಲ್ಲಿ. ಓದಿದ್ದು ಇತಿಹಾಸ, ರಾಜಕೀಯ ಶಾಸ್ತ್ರ, ಇಂಗ್ಲಿಷ್ ಸಾಹಿತ್ಯ. ವಿಜ್ಞಾನ ಅಂದರೆ ಬೇಜಾರು ಅನ್ನುತ್ತಿದ್ದವರು. ಸ್ವಲ್ಪ ಕಾಲ ಏಳನೇ ಕ್ಲಾಸಿಗೆ ಟೀಚರ್ ಆಗಿದ್ದರು, ಆ ಕೆಲಸ ಹಿಡಿಸಲಿಲ್ಲ. 1951ರಲ್ಲಿ ಜೀನ್ ಶೂಮೇಕರ್ ಅನ್ನುವ ಭೂವಿಜ್ಞಾನಿಯ ಜೊತೆ ಮದುವೆ. ಮೂರು ಮಕ್ಕಳು. ಅವರನ್ನು ಬೆಳೆಸುತ್ತಲೇ ಮೂವತ್ತು ವರ್ಷ ಹತ್ತಿರ ಕಳೆಯಿತು. ಮಕ್ಕಳು ಅವರವರ ದಾರಿ ಹಿಡಿದರು. ಮುಂದೇನು ಅನ್ನುವ ಹೊತ್ತಿಗೆ ಗಂಡ, "ನನ್ನ ಕ್ಷುದ್ರಗ್ರಹ ಹುಡುಕುವ ಕೆಲಸಕ್ಕೆ ಬರುತ್ತೀಯಾ" ಅಂತ ಕೇಳಿದರು. ಆಗ 1980. ಅವರಿಗೆ 51.

ಮೂರು ವರ್ಷಕ್ಕೆ, 1983ರಲ್ಲಿ, ಮೊದಲ ಧೂಮಕೇತು ಸಿಕ್ಕಿತು. ಒಟ್ಟು 32 ಧೂಮಕೇತು, ಐನೂರಕ್ಕೂ ಜಾಸ್ತಿ ಕ್ಷುದ್ರಗ್ರಹ. ಒಬ್ಬರೇ ವ್ಯಕ್ತಿಯ ಹೆಸರಲ್ಲಿ ಅಷ್ಟು ಧೂಮಕೇತು ಆಗ ಯಾರದ್ದೂ ಇರಲಿಲ್ಲ.

ಹೇಗೆ ಮಾಡುತ್ತಿದ್ದರು ಅನ್ನುವುದು ನನಗೆ ಇನ್ನೂ ಇಷ್ಟ. ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದಲ್ಲಿ 18 ಇಂಚಿನ, ಅಂದರೆ 46 ಸೆಂ.ಮೀ.ನ ಒಂದು ಶ್ಮಿಟ್ ಟೆಲಿಸ್ಕೋಪ್, ಆಕಾಶದ ಅಗಲವಾದ ಭಾಗವನ್ನು ಒಂದೇ ಫೋಟೋದಲ್ಲಿ ಹಿಡಿಯುವಂಥದ್ದು. 1936ರದ್ದು, ಆ ಬೆಟ್ಟದ ಮೊದಲ ಟೆಲಿಸ್ಕೋಪ್ ಅದೇ. ಅಮಾವಾಸ್ಯೆಯ ಹಿಂದೆ ಮುಂದೆ ಏಳೆಂಟು ರಾತ್ರಿ ಅಲ್ಲಿ ಕೆಲಸ. ದುಂಡಗೆ ಕತ್ತರಿಸಿದ ಫಿಲಂ ಹಾಕಿ ಆಕಾಶದ ಒಂದು ತುಂಡಿನ ಫೋಟೋ ತೆಗೆಯುವುದು, ಸುಮಾರು ಮುಕ್ಕಾಲು ಗಂಟೆ ಬಿಟ್ಟು ಅದೇ ತುಂಡಿನದು ಇನ್ನೊಂದು. ಆಮೇಲೆ ಎರಡನ್ನೂ ಸ್ಟೀರಿಯೋ ಸೂಕ್ಷ್ಮದರ್ಶಕದ ಕೆಳಗೆ ಪಕ್ಕ ಪಕ್ಕ ಇಟ್ಟು, ಎಡಗಣ್ಣಿಗೆ ಒಂದು, ಬಲಗಣ್ಣಿಗೆ ಒಂದು ಕಾಣುವ ಹಾಗೆ ನೋಡುವುದು. ನಕ್ಷತ್ರಗಳು ಎರಡರಲ್ಲೂ ಇದ್ದಲ್ಲೇ ಇರುತ್ತವೆ. ಕ್ಷುದ್ರಗ್ರಹ ಮಾತ್ರ ಅಷ್ಟು ಹೊತ್ತಿನಲ್ಲಿ ಕೂದಲೆಳೆಯಷ್ಟು ಜರುಗಿರುತ್ತದೆ. ಆಗ ನಮ್ಮ ಮಿದುಳು ಅದನ್ನು ಆಳ ಅಂತ ಓದಿಕೊಳ್ಳುತ್ತದೆ. ನಕ್ಷತ್ರಗಳೆಲ್ಲ ಹಾಳೆಯಲ್ಲೇ ಅಂಟಿಕೊಂಡಿರುವಾಗ ಆ ಒಂದು ಚುಕ್ಕಿ ಮಾತ್ರ ಮೇಲೆ ತೇಲುತ್ತದೆ!

ನಾನು ಇದನ್ನು ಮನೆಯಲ್ಲಿ ಮಾಡಿ ನೋಡಿದೆ. ಎರಡು ಚಿಕ್ಕ ಬಿಳಿ ಕಾರ್ಡು ತಗೊಂಡು ಎರಡರಲ್ಲೂ ಒಂದೇ ಥರ ರಂಗೋಲಿ ಚುಕ್ಕಿ ಇಟ್ಟೆ, ಏಳು ಸಾಲು ಏಳು ಚುಕ್ಕಿ. ಎಡಗಡೆ ಕಾರ್ಡಿನಲ್ಲಿ ಮಧ್ಯದ ಚುಕ್ಕಿಯನ್ನು ಮಾತ್ರ ಒಂದು ಎಳ್ಳಿನಷ್ಟು ಬಲಕ್ಕೆ ಸರಿಸಿದೆ. ಪಕ್ಕಪಕ್ಕ ಹಿಡಿದು, ದೂರದ ಗೋಡೆ ನೋಡುವ ಹಾಗೆ ಕಣ್ಣು ಸಡಿಲ ಬಿಟ್ಟೆ. ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಎರಡೂ ಕಾರ್ಡು ಒಂದಾಗಿ, ಆ ಚುಕ್ಕಿ ಎದ್ದು ನಿಂತಿತು. ಒಬ್ಬಳೇ ಅಡಿಗೆಮನೆಯಲ್ಲಿ ಕೂಗಿಬಿಟ್ಟೆ.

ಒಂದು ಧೂಮಕೇತುವಿಗೆ ಸುಮಾರು ನೂರು ಗಂಟೆ ಹುಡುಕಾಟ ಬೇಕು ಅನ್ನುತ್ತಿದ್ದರಂತೆ. ನೂರು ಗಂಟೆ, ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು. ಅಕ್ಕಿಯಲ್ಲಿ ಕಲ್ಲು ಆರಿಸಿದವರಿಗೆ ಆ ತಾಳ್ಮೆ ಏನು ಅಂತ ಗೊತ್ತಿರುತ್ತದೆ.

ನನ್ನ ಪ್ರಶ್ನೆ ಇಷ್ಟೇ. ಇವತ್ತು ನನ್ನಂಥವರಿಗೆ ಈ ಕೆಲಸದಲ್ಲಿ ಜಾಗ ಇದೆಯಾ? ನಿಜ ಹೇಳಿ.

ನೆಟ್ಟನೋಟ

ನಿಜ ಹೇಳಿ ಅಂದಿದ್ದಕ್ಕೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕ್ಯಾರೊಲಿನ್ ಮಾಡಿದ ರೀತಿಯ ಕೆಲಸ ಈಗ ಇಲ್ಲ. ಫಿಲಂ ಹೋಯಿತು, ಕ್ಯಾಮೆರಾ ಸೆನ್ಸರ್ ಬಂತು. ಕಣ್ಣು ಹೋಯಿತು, ಸಾಫ್ಟ್‌ವೇರ್ ಬಂತು. ಕ್ಯಾಟಲೀನಾ, ಪ್ಯಾನ್-ಸ್ಟಾರ್ಸ್, ಅಟ್ಲಾಸ್ ಅನ್ನುವ ಆಕಾಶ ಸಮೀಕ್ಷೆಯ ಟೆಲಿಸ್ಕೋಪುಗಳು ಮೋಡ ಇಲ್ಲದ ರಾತ್ರಿಯೆಲ್ಲ ಆಕಾಶ ಗುಡಿಸುತ್ತವೆ. 2025ರ ಜೂನ್‌ನಲ್ಲಿ ಚಿಲಿಯ ರೂಬಿನ್ ವೀಕ್ಷಣಾಲಯ ತನ್ನ ಮೊದಲ ಚಿತ್ರಗಳನ್ನು ತೋರಿಸಿತಲ್ಲ, ಸುಮಾರು ಹತ್ತು ಗಂಟೆಯ ವೀಕ್ಷಣೆಯಲ್ಲೇ 2104 ಹೊಸ ಕ್ಷುದ್ರಗ್ರಹ. ಕ್ಯಾರೊಲಿನ್ ಇಡೀ ಜೀವಮಾನದಲ್ಲಿ ಕಂಡಿದ್ದರ ನಾಲ್ಕು ಪಟ್ಟು. ಅವರ 32ರ ದಾಖಲೆಯೂ ಉಳಿಯಲಿಲ್ಲ, ಆಸ್ಟ್ರೇಲಿಯಾದ ರಾಬರ್ಟ್ ಮೆಕ್‌ನಾಟ್ 82 ಧೂಮಕೇತು ಕಂಡುಹಿಡಿದರು.

ಇನ್ನೊಂದು ಮಾತು. ಅವರ ಗಂಡ ಆ ಕ್ಷೇತ್ರದ ದೊಡ್ಡ ವಿಜ್ಞಾನಿ. ಟೆಲಿಸ್ಕೋಪಿನ ಬಾಗಿಲು ತೆರೆದೇ ಇತ್ತು. ಅದನ್ನು ಮರೆತು "ಯಾರು ಬೇಕಾದರೂ ಮಾಡಬಹುದು" ಅಂದರೆ ಅದು ಪೂರ್ತಿ ಸತ್ಯ ಆಗುವುದಿಲ್ಲ.

ಅಮಾವಾಸ್ಯೆಗೆ_ಕಾಯುವವಳು

ಬೇಜಾರಿಲ್ಲ, ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್. ಗಂಡನಿಂದ ಬಾಗಿಲು ತೆರೆಯಿತು ಅನ್ನುವುದು ಹೌದು. ಆದರೆ ಒಳಗೆ ಹೋದ ಮೇಲೆ ಕಂಡುಹಿಡಿದಿದ್ದು ಅವರ ಕಣ್ಣು ತಾನೇ? ಆ ತಂಡದಲ್ಲಿ ಫಿಲಂ ನೋಡುವುದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ಅದು ಯಾರೂ ಕೊಟ್ಟಿದ್ದಲ್ಲ.

ಅರಿಜೋನಾ_ಕನ್ನಡಿಗ

ಈ ವಿಷಯ ಇಲ್ಲಿ ನೋಡಿ ಖುಷಿ ಆಯಿತು. ನಾನು ಇರುವುದು ಫೀನಿಕ್ಸ್‌ನಲ್ಲಿ. ಅವರು ಬದುಕಿದ ಫ್ಲಾಗ್‌ಸ್ಟಾಫ್ ಇಲ್ಲಿಂದ ಕಾರಿನಲ್ಲಿ ಎರಡು ಗಂಟೆ ಚಿಲ್ಲರೆ. ವರ್ಷಕ್ಕೊಮ್ಮೆಯಾದರೂ ಹೋಗುತ್ತೇನೆ. ಆ ಊರಲ್ಲಿ ರಾತ್ರಿ ಬೀದಿದೀಪ ಹಳದಿಗೆ, ಮಂಕಾಗಿ, ನೆಲದ ಕಡೆಗೇ ಮುಖ ಮಾಡಿಕೊಂಡಿರುತ್ತವೆ. ವೀಕ್ಷಣಾಲಯಕ್ಕೆ ತೊಂದರೆ ಆಗಬಾರದು ಅಂತ 1958ರಲ್ಲೇ ಬೆಳಕಿನ ಬಗ್ಗೆ ಕಾನೂನು ಮಾಡಿದ ಊರು ಅದು. ಪೇಟೆ ಬೀದಿಯಲ್ಲಿ ನಿಂತರೂ ಆಕಾಶಗಂಗೆ ಕಾಣುವಂಥ ರಾತ್ರಿಗಳು ಅಲ್ಲಿವೆ.

ಅಲ್ಲಿಂದ ಪೂರ್ವಕ್ಕೆ ಸ್ವಲ್ಪ ದೂರದಲ್ಲಿ ಉಲ್ಕಾಕುಳಿ ಇದೆ. 1.2 ಕಿ.ಮೀ. ಅಗಲ, ಸುಮಾರು 50 ಸಾವಿರ ವರ್ಷದ ಹಿಂದಿನದು. ಅಂಚಿನಲ್ಲಿ ನಿಂತರೆ ಗಾಳಿ ತಳ್ಳುತ್ತದೆ. ಒಂದು ಕಾಲಕ್ಕೆ ಅದು ಜ್ವಾಲಾಮುಖಿಯಿಂದ ಆಗಿದ್ದು ಅಂತ ವಾದ ಮಾಡುವವರಿದ್ದರು. ಜೀನ್ ಮತ್ತು ಅವರ ಜೊತೆಗಾರರು 1960ರಲ್ಲಿ ಅಲ್ಲಿಯ ಕಲ್ಲಿನಲ್ಲಿ ಕೋಯಸೈಟ್ ಅನ್ನುವ ಖನಿಜ ತೋರಿಸಿದರು. ಅದು ಹುಟ್ಟಲು ಭಾರಿ ಒತ್ತಡ ಬೇಕು, ಆಕಾಶದಿಂದ ಬಂಡೆ ಬಂದು ಬಡಿದರೆ ಅಂಥ ಒತ್ತಡ ಬರುತ್ತದೆ. ಹೀಗಾಗಿ ಆ ಮನೆಯಲ್ಲಿ "ಬಡಿಯುವ ಬಂಡೆಗಳು ಎಲ್ಲಿವೆ" ಅನ್ನುವುದು ದಿನದ ಮಾತಾಗಿತ್ತು. ಜೀನ್ 1973ರಲ್ಲಿ ಎಲೀನರ್ ಹೆಲಿನ್ ಅನ್ನುವ ವಿಜ್ಞಾನಿ ಜೊತೆ ಪಾಲೊಮಾರ್‌ನಲ್ಲಿ ಹುಡುಕಾಟ ಶುರು ಮಾಡಿದ್ದರು. ಕ್ಯಾರೊಲಿನ್ ಬಂದಿದ್ದು ಅದಾದ ಮೇಲೆ.

ಅವರ ಹೆಸರಿನ ಧೂಮಕೇತು ಶೂಮೇಕರ್-ಲೆವಿ 9ರ ಕಥೆ ಯಾರಾದರೂ ಬರೆಯಿರಿ, ಇಲ್ಲದಿದ್ದರೆ ಇದು ಅರ್ಧ ಆಗುತ್ತದೆ.

ಕೋರಮಂಗಲದ_ರಾತ್ರಿಪಾಳಿ

ನಾನು ಬರೆಯುತ್ತೇನೆ. ಖಗೋಳ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ, ಈ ಕಥೆ ನನಗೆ ಬಾಯಿಪಾಠ.

1993ರ ಮಾರ್ಚ್ 23ರ ರಾತ್ರಿ. ಪಾಲೊಮಾರ್‌ನಲ್ಲಿ ಜೀನ್, ಕ್ಯಾರೊಲಿನ್, ಅವರ ಜೊತೆ ಧೂಮಕೇತು ಹುಡುಕುತ್ತಿದ್ದ ಡೇವಿಡ್ ಲೆವಿ ಇದ್ದರು, ಫ್ರಾನ್ಸಿನ ಖಗೋಳಜ್ಞ ಫಿಲಿಪ್ ಬೆಂಜೋಯಾ ಕೂಡ ಬಂದಿದ್ದರು. ಅವರ ಫಿಲಂ ಡಬ್ಬಿಗೆ ಯಾವಾಗಲೋ ಬೆಳಕು ಬಿದ್ದು ಮೇಲಿನ ಫಿಲಂಗಳು ಅಂಚಿನಲ್ಲಿ ಕಪ್ಪಾಗಿದ್ದವು. ಆಮೇಲೆ ಮೋಡವೂ ಕವಿಯಿತು. ಒಳ್ಳೆ ಫಿಲಂಗೆ ದುಡ್ಡು ಜಾಸ್ತಿ, ಮೋಡದಲ್ಲಿ ಅದನ್ನು ಹಾಳು ಮಾಡಲು ಜೀನ್‌ಗೆ ಮನಸ್ಸಿರಲಿಲ್ಲ. ಆಗ ಲೆವಿ, ಆ ಕೆಟ್ಟ ಫಿಲಂ ಹೇಗೂ ಎಸೆಯುವಂಥದ್ದು, ಅದನ್ನಾದರೂ ಹಾಕೋಣ ಅಂದರು. ಮೋಡದ ಸಂದಿನಲ್ಲಿ ಗುರುಗ್ರಹದ ಹತ್ತಿರದ ಜಾಗ ತೆಗೆದರು.

ಎರಡು ದಿನ ಆದ ಮೇಲೆ ಮಧ್ಯಾಹ್ನ ಕ್ಯಾರೊಲಿನ್ ಆ ಫಿಲಂ ನೋಡುತ್ತಾ ಕೂತಿದ್ದರು. ಚುಕ್ಕಿ ಅಲ್ಲ, ಗೆರೆ ಅಲ್ಲ, ಉದ್ದಕ್ಕೆ ಪಟ್ಟಿಯ ಹಾಗೆ, ಒಂದು ಕಡೆ ಬಾಲಗಳು. ನೆಟ್ಟಗೆ ಕೂತು, ಇದು ಅಪ್ಪಚ್ಚಿಯಾದ ಧೂಮಕೇತು ಇದ್ದ ಹಾಗಿದೆ ಅಂದರು. ಅರಿಜೋನಾದ ಕಿಟ್ ಪೀಕ್ ವೀಕ್ಷಣಾಲಯದಲ್ಲಿದ್ದ ಖಗೋಳಜ್ಞ ಜಿಮ್ ಸ್ಕಾಟಿಗೆ ಹೇಳಿ ದೊಡ್ಡ ಟೆಲಿಸ್ಕೋಪಿನಲ್ಲಿ ನೋಡಿಸಿದರು. ಒಂದೇ ಸಾಲಿನಲ್ಲಿ ಹಲವು ತುಂಡುಗಳು, ಪೋಣಿಸಿದ ಮಣಿಗಳ ಹಾಗೆ.

ಲೆಕ್ಕ ಹಾಕಿದಾಗ ಗೊತ್ತಾಗಿದ್ದು: ಅದು ಸೂರ್ಯನನ್ನು ಸುತ್ತುತ್ತಿರಲಿಲ್ಲ, ಗುರುವನ್ನೇ ಸುತ್ತುತ್ತಿತ್ತು. 1992ರ ಜುಲೈನಲ್ಲಿ ಗುರುವಿಗೆ ತೀರಾ ಹತ್ತಿರ ಹೋಗಿ, ಅದರ ಸೆಳೆತಕ್ಕೆ ಹರಿದು ತುಂಡಾಗಿತ್ತು. ಮೇ ತಿಂಗಳಲ್ಲಿ ಧೂಮಕೇತುಗಳ ಕಕ್ಷೆ ಲೆಕ್ಕ ಹಾಕುವ ಬ್ರಯಾನ್ ಮಾರ್ಸ್‌ಡನ್ ಕಡೆಯಿಂದ ಇನ್ನೊಂದು ಸುದ್ದಿ ಬಂತು, ಮುಂದಿನ ವರ್ಷ ಇದು ಗುರುವಿಗೇ ಬೀಳುತ್ತದೆ ಅಂತ. 1994ರ ಜುಲೈ 16ರಿಂದ 22. ಇಪ್ಪತ್ತೊಂದು ತುಂಡುಗಳಿಗೆ ಎ ಇಂದ ಡಬ್ಲ್ಯುವರೆಗೆ ಹೆಸರು. ಸೆಕೆಂಡಿಗೆ ಸುಮಾರು 60 ಕಿ.ಮೀ. ವೇಗ. ಜಿ ತುಂಡು ಬಿದ್ದ ಕಡೆ ಸುಮಾರು 12 ಸಾವಿರ ಕಿ.ಮೀ. ಅಗಲದ ಕಪ್ಪು ಕಲೆ, ಹೆಚ್ಚು ಕಮ್ಮಿ ನಮ್ಮ ಭೂಮಿಯಷ್ಟು. ಮನೆಯ ಚಿಕ್ಕ ಟೆಲಿಸ್ಕೋಪಿನಲ್ಲೂ ಆ ಕಲೆಗಳು ಕಾಣುತ್ತಿದ್ದವು. ಸೌರಮಂಡಲದಲ್ಲಿ ಒಂದು ಕಾಯ ಇನ್ನೊಂದಕ್ಕೆ ಬಡಿಯುವುದನ್ನು ಮೊದಲೇ ಗೊತ್ತಿದ್ದು ಕಾದು ನೋಡಿದ್ದು ಮನುಷ್ಯರು ಅದೇ ಮೊದಲು.

ನೆಟ್ಟನೋಟ ಅವರೇ, ಸಾಫ್ಟ್‌ವೇರ್ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಅವರು ಹುಡುಕುತ್ತಿದ್ದಿದ್ದು ಚುಕ್ಕಿ. ಕಂಡಿದ್ದು ಯಾರೂ ಕಲ್ಪಿಸದ ಆಕಾರ. ಹಾಳಾದ ಫಿಲಂನ ಕಲೆ ಅಂತ ಪಕ್ಕಕ್ಕಿಡಲು ಎಲ್ಲ ಕಾರಣವೂ ಇತ್ತು. ಪಕ್ಕಕ್ಕಿಡಲಿಲ್ಲ. ಹದಿಮೂರು ವರ್ಷ ಸಾವಿರಾರು ಫಿಲಂ ನೋಡಿದ ಕಣ್ಣಿಗೆ ಕಲೆ ಹೇಗಿರುತ್ತದೆ ಅಂತ ಗೊತ್ತಿತ್ತು.

ಪಿಯುಸಿ_ಹುಡುಗಿ

ಅಕ್ಕ, ಅಣ್ಣ ಎಲ್ಲರಿಗೂ, ನಾನು ಎರಡನೇ ಪಿಯುಸಿ ಪಿಸಿಎಂಬಿ. ಮನೆಯಲ್ಲಿ ನೀಟ್ ಅಂತಿದ್ದಾರೆ. ನನಗೆ ಇದು ಬೇಕು. ಕರ್ನಾಟಕದಲ್ಲಿ ಇದ್ದುಕೊಂಡು ಇಂಥ ಕೆಲಸ ಮಾಡಿದವರು ಯಾರಾದರೂ ಇದ್ದಾರಾ? ಏನು ಓದಬೇಕು?

ಕೋರಮಂಗಲದ_ರಾತ್ರಿಪಾಳಿ

ಇದ್ದಾರೆ ತಂಗಿ. ಬೆಂಗಳೂರಿನ ಕೋರಮಂಗಲದಲ್ಲಿ ಭಾರತೀಯ ಖಗೋಳ ಭೌತಶಾಸ್ತ್ರ ಸಂಸ್ಥೆ ಇದೆ, ಐಐಎ ಅಂತೀವಿ. ಅದನ್ನು ಕಟ್ಟಿದ ವೇಣು ಬಾಪು ಅವರ ಹೆಸರಲ್ಲೇ ಒಂದು ಧೂಮಕೇತು ಇದೆ. 1949ರಲ್ಲಿ ಹಾರ್ವರ್ಡ್‌ನಲ್ಲಿ ಓದುತ್ತಿದ್ದಾಗ ತಾವೇ ತೆಗೆದ ಫೋಟೋ ಫಲಕದಲ್ಲಿ ಅದನ್ನು ಕಂಡರು. ಬಾಪು-ಬೋಕ್-ನ್ಯೂಕರ್ಕ್ ಅಂತ ಹೆಸರು.

ಐಐಎದ ವೀಕ್ಷಣಾಲಯ ತಮಿಳುನಾಡಿನ ಜವ್ವಾದಿ ಬೆಟ್ಟದ ಕಾವಲೂರಿನಲ್ಲಿದೆ. ಅಲ್ಲಿ ಆರ್. ರಾಜಮೋಹನ್ ಅವರ ತಂಡ 45 ಸೆಂ.ಮೀ. ಶ್ಮಿಟ್ ಟೆಲಿಸ್ಕೋಪಿನಲ್ಲಿ ಕ್ಷುದ್ರಗ್ರಹ ಹುಡುಕುವ ಯೋಜನೆ ಮಾಡಿತು. ಅದಕ್ಕೆ 'ಕಲ್ಕಿ' ಅಂತ ಹೆಸರಿಟ್ಟಿದ್ದರು. ಕ್ಯಾರೊಲಿನ್ ಅವರದ್ದೂ ಹೆಚ್ಚು ಕಮ್ಮಿ ಅದೇ ಅಳತೆಯ ಟೆಲಿಸ್ಕೋಪು, ಅದೇ ಕಾಲ. 1988ರ ಫೆಬ್ರವರಿ 17ರಂದು ಒಂದು ಸಿಕ್ಕಿತು. ಈಗ ಅದು 4130 ರಾಮಾನುಜನ್. ಅದಕ್ಕೂ ಹಿಂದೆ ಭಾರತದಿಂದ ಕ್ಷುದ್ರಗ್ರಹ ಕಂಡಿದ್ದು 1885ರಲ್ಲಿ, ಮದ್ರಾಸಿನ ವೀಕ್ಷಣಾಲಯದಲ್ಲಿ ಪಾಗ್ಸನ್ ಅನ್ನುವವರು. ಮಧ್ಯೆ ನೂರಕ್ಕೂ ಜಾಸ್ತಿ ವರ್ಷ ಏನೂ ಇಲ್ಲ!

ಒಂದು ಸ್ವಾರಸ್ಯ. ರಾಮಾನುಜನ್‌ಗೆ ಮೊದಲು ಕೊಟ್ಟ ಗುರುತು 1988 ಡಿಕ್ಯೂ1. 1988 ವರ್ಷ. ವರ್ಷವನ್ನು ಅರ್ಧ ಅರ್ಧ ತಿಂಗಳಾಗಿ ಹಂಚಿ ಎ, ಬಿ, ಸಿ ಅಂತ ಅಕ್ಷರ ಕೊಡುತ್ತಾರೆ, ಡಿ ಅಂದರೆ ಫೆಬ್ರವರಿಯ ಎರಡನೇ ಅರ್ಧ. ಮುಂದಿನ ಅಕ್ಷರ ಆ ಅರ್ಧ ತಿಂಗಳಲ್ಲಿ ಎಷ್ಟನೆಯದು ಅಂತ. ಐ ಅಕ್ಷರ ಬಿಟ್ಟು ಎಣಿಸಿದರೆ ಕ್ಯೂ 16ನೆಯದು. 1 ಅಂದರೆ 25 ಅಕ್ಷರ ಒಂದು ಸುತ್ತು ಮುಗಿದಿದೆ. 25ಕ್ಕೆ 16 ಸೇರಿಸಿ, 41. ಆ ಹದಿನೈದು ದಿನದ 41ನೇ ವಸ್ತು ನಮ್ಮ ರಾಮಾನುಜನ್.

ಓದು ವಿಷಯಕ್ಕೆ: ಬಿ.ಎಸ್ಸಿ. ಭೌತಶಾಸ್ತ್ರ, ಗಣಿತ ಗಟ್ಟಿ ಇರಲಿ. ಆಮೇಲೆ ಎಂ.ಎಸ್ಸಿ., ಪಿಎಚ್.ಡಿ. ಐಐಎಗೆ ಜೆಸ್ಟ್ ಪರೀಕ್ಷೆ ಬರೆದು ಸೇರಬಹುದು. ಐಐಎಸ್‌ಸಿಯಲ್ಲಿ ಜಂಟಿ ಖಗೋಳ ಕಾರ್ಯಕ್ರಮ ಇದೆ. ಪೈಥಾನ್ ಇವತ್ತೇ ಕಲಿಯಲು ಶುರು ಮಾಡು, ನಾನು ತಡ ಮಾಡಿ ಬಹಳ ಕಷ್ಟಪಟ್ಟೆ. "ಕ್ಷುದ್ರಗ್ರಹ ಹುಡುಕುವವರು ಬೇಕಾಗಿದ್ದಾರೆ" ಅಂತ ನಮ್ಮಲ್ಲಿ ಉದ್ಯೋಗ ಜಾಹೀರಾತು ಬರುವುದಿಲ್ಲ. ಬೇರೆ ಏನೋ ಸಂಶೋಧನೆ ಮಾಡುತ್ತಾ ಇದನ್ನೂ ಮಾಡುವವರೇ ಜಾಸ್ತಿ. ಅದನ್ನು ತಿಳಿದುಕೊಂಡೇ ಬಾ.

ಕೋಲಾರದ_ಮೇಷ್ಟ್ರು

ಮೊದಲ ಪೋಸ್ಟ್ ಹಾಕಿದ ಮೇಡಂಗೆ ನೇರ ಉತ್ತರ: ಜಾಗ ಇದೆ.

ಐಎಎಸ್‌ಸಿ ಅಂತ ಒಂದು ಅಂತರರಾಷ್ಟ್ರೀಯ ಕಾರ್ಯಕ್ರಮ ಇದೆ, 'ಐಸಾಕ್' ಅಂತ ಕರೆಯುತ್ತಾರೆ. ದುಡ್ಡು ಇಲ್ಲ. ಹವಾಯಿಯ ಪ್ಯಾನ್-ಸ್ಟಾರ್ಸ್ ಟೆಲಿಸ್ಕೋಪಿನ ಚಿತ್ರ ಕಳಿಸುತ್ತಾರೆ, ಒಂದೇ ಜಾಗದ್ದು ನಾಲ್ಕು, ಒಂದಷ್ಟು ನಿಮಿಷ ಬಿಟ್ಟು ಬಿಟ್ಟು ತೆಗೆದಿದ್ದು. ಆಸ್ಟ್ರೊಮೆಟ್ರಿಕಾ ಅನ್ನುವ ಸಾಫ್ಟ್‌ವೇರಿನಲ್ಲಿ ನಾಲ್ಕನ್ನೂ ಒಂದರ ಮೇಲೊಂದು ಮಿಣುಕಿಸಿ ನೋಡಬೇಕು. ನಾನು ಹೈಸ್ಕೂಲ್ ಮಕ್ಕಳ ಜೊತೆ ಮೂರು ಸಲ ಮಾಡಿದ್ದೇನೆ. ಶಾಲೆ ಮುಗಿದ ಮೇಲೆ ಹಳೇ ಲ್ಯಾಪ್‌ಟಾಪ್ ಮುಂದೆ ಏಳು ಮಕ್ಕಳು, ಒಬ್ಬರ ಹೆಗಲ ಮೇಲೆ ಒಬ್ಬರು. ಪರದೆ ಪೂರ್ತಿ ಬೂದು ಬಣ್ಣ, ಕಪ್ಪು ಚುಕ್ಕಿ. ಎಲ್ಲ ಚುಕ್ಕಿ ನಿಂತಲ್ಲೇ ಇರುತ್ತವೆ. ಒಂದು ಮಾತ್ರ ಟಕ್ ಟಕ್ ಅಂತ ನಾಲ್ಕು ಹೆಜ್ಜೆ ಇಡುತ್ತದೆ, ಮತ್ತೆ ಹಿಂದಕ್ಕೆ ಬಂದು ಮತ್ತೆ ನಾಲ್ಕು ಹೆಜ್ಜೆ.

ಹೆಜ್ಜೆ ಸಮ ಇರಬೇಕು, ಗೆರೆ ನೇರ ಇರಬೇಕು, ಹೊಳಪು ನಾಲ್ಕರಲ್ಲೂ ಹತ್ತಿರ ಹತ್ತಿರ ಇರಬೇಕು. ಇಲ್ಲದಿದ್ದರೆ ಅದು ಕ್ಯಾಮೆರಾದ ತಪ್ಪು. ಮೊದಲ ಸಲ ನಾವು ಕಳಿಸಿದ್ದರಲ್ಲಿ ಮುಕ್ಕಾಲು ಪಾಲು ತಪ್ಪೇ. ಮೂರನೇ ಸಲಕ್ಕೆ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ನನಗಿಂತ ಬೇಗ ಹೇಳುತ್ತಿದ್ದಳು, "ಸಾರ್ ಅದು ಬೇಡ, ಅದು ಸುಳ್ಳು ಚುಕ್ಕಿ." ಸರಿಯಾಗೇ ಹೇಳುತ್ತಿದ್ದಳು.

ಒಂದು ಎಚ್ಚರಿಕೆ ಮಾತ್ರ ಎಲ್ಲರಿಗೂ. ಪೇಪರಿನಲ್ಲಿ "ನಮ್ಮೂರ ವಿದ್ಯಾರ್ಥಿ ಕ್ಷುದ್ರಗ್ರಹ ಪತ್ತೆಹಚ್ಚಿದ" ಅಂತ ಬಂದಾಗ ಅದು ಸಾಮಾನ್ಯವಾಗಿ ಪ್ರಾಥಮಿಕ ಪತ್ತೆ ಆಗಿರುತ್ತದೆ. ಮತ್ತೆ ಮತ್ತೆ ಕಾಣಬೇಕು, ಕಕ್ಷೆ ಗಟ್ಟಿಯಾಗಬೇಕು, ಆಮೇಲೆ ಸಂಖ್ಯೆ, ಆಮೇಲೆ ಹೆಸರು. ಎಷ್ಟೋ ವರ್ಷ ಹಿಡಿಯುತ್ತದೆ. ಇದನ್ನು ಮೊದಲ ದಿನವೇ ಮಕ್ಕಳಿಗೆ ಹೇಳಿಬಿಡಬೇಕು.

ನೆಟ್ಟನೋಟ

ಮೇಷ್ಟ್ರೇ, ಇದು ನನಗೆ ಗೊತ್ತಿರಲಿಲ್ಲ. ಒಪ್ಪುತ್ತೇನೆ. ಹಾಗೆ ನೋಡಿದರೆ ಹವ್ಯಾಸಿಗಳದ್ದು ಪೂರ್ತಿ ಮುಗಿದಿಲ್ಲ. 2019ರಲ್ಲಿ ಬೇರೆ ನಕ್ಷತ್ರಲೋಕದಿಂದ ಬಂದ ಧೂಮಕೇತು ಕಂಡ ಗೆನ್ನಾಡಿ ಬೊರಿಸೊವ್ ತಾವೇ ಮಾಡಿಕೊಂಡ 65 ಸೆಂ.ಮೀ. ಟೆಲಿಸ್ಕೋಪಿನಲ್ಲಿ ಕಂಡಿದ್ದು. ಸೂರ್ಯನನ್ನು ಗಮನಿಸುವ ಸೋಹೋ ನೌಕೆಯ ಚಿತ್ರಗಳಲ್ಲಿ ಐದು ಸಾವಿರಕ್ಕೂ ಜಾಸ್ತಿ ಧೂಮಕೇತು ಸಿಕ್ಕಿವೆ, ಬಹುಪಾಲು ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತವರದ್ದೇ. ಅದಕ್ಕೆ ಟೆಲಿಸ್ಕೋಪೂ ಬೇಡ.

ಅಮಾವಾಸ್ಯೆಗೆ_ಕಾಯುವವಳು

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ. ಮೇಷ್ಟ್ರೇ, ನನ್ನ ಹತ್ತಿರ ಮಗ ಬಿಟ್ಟುಹೋದ ಲ್ಯಾಪ್‌ಟಾಪ್ ಇದೆ, ಅದು ಸಾಕಾ? ನನ್ನನ್ನು ನಿಮ್ಮ ತಂಡಕ್ಕೆ ಸೇರಿಸಿಕೊಳ್ಳುತ್ತೀರಾ?

ಒಂದು ವಿಷಯ ಮೊದಲ ಪೋಸ್ಟಿನಲ್ಲಿ ಬರೆಯಲು ಆಗಲಿಲ್ಲ. 1997ರ ಜುಲೈ 18ರಂದು ಆಸ್ಟ್ರೇಲಿಯಾದ ಮರಳುಗಾಡಿನ ರಸ್ತೆಯಲ್ಲಿ ಇವರ ಕಾರಿಗೆ ಎದುರಿನಿಂದ ಬಂದ ವಾಹನ ಡಿಕ್ಕಿ ಹೊಡೆಯಿತು. ಗಂಡ ಹೆಂಡತಿ ಇಬ್ಬರೂ ಉಲ್ಕಾಕುಳಿ ನೋಡಲು ಹೋಗಿದ್ದರು. ಜೀನ್ ಅಲ್ಲೇ ತೀರಿಕೊಂಡರು. ಕ್ಯಾರೊಲಿನ್‌ಗೆ ಬಹಳ ಪೆಟ್ಟಾಗಿತ್ತು. ಜಿ ತುಂಡು ಗುರುವಿಗೆ ಬಡಿದಿದ್ದು ಸರಿಯಾಗಿ ಮೂರು ವರ್ಷದ ಹಿಂದೆ, ಅದೇ ತಾರೀಖಿಗೆ. ಜೀನ್‌ಗೆ ಚಂದ್ರನ ಮೇಲೆ ಹೋಗಬೇಕು ಅಂತ ಆಸೆ ಇತ್ತು, ಅಡಿಸನ್ ಕಾಯಿಲೆಯಿಂದ ಆಗಲಿಲ್ಲ. 1998ರಲ್ಲಿ ಹೋದ ಲೂನಾರ್ ಪ್ರಾಸ್ಪೆಕ್ಟರ್ ನೌಕೆಯಲ್ಲಿ ಅವರ ಚಿತಾಭಸ್ಮ ಇಟ್ಟು ಕಳಿಸಿದರು. ಮರುವರ್ಷ ಅದು ಚಂದ್ರನ ದಕ್ಷಿಣ ಧ್ರುವದ ಹತ್ತಿರ ಹೋಗಿ ಬಡಿಯಿತು. ಕ್ಯಾರೊಲಿನ್ ಚೇತರಿಸಿಕೊಂಡು ಮತ್ತೆ ಕೆಲಸಕ್ಕೆ ಕೂತರು. 2021ರಲ್ಲಿ ಫ್ಲಾಗ್‌ಸ್ಟಾಫ್‌ನಲ್ಲಿ ತೀರಿಕೊಂಡಾಗ 92 ವರ್ಷ. ಹುಣ್ಣಿಮೆ ರಾತ್ರಿ ತಾರಸಿಗೆ ಹೋದಾಗಲೆಲ್ಲ ಅವರು ಚಂದ್ರನನ್ನು ಹೇಗೆ ನೋಡುತ್ತಿದ್ದರೋ ಅಂತ ನೆನಪಾಗುತ್ತದೆ.

ಕೋಲಾರದ_ಮೇಷ್ಟ್ರು

ಲ್ಯಾಪ್‌ಟಾಪ್ ಸಾಕು, ವಿಂಡೋಸ್ ಇದ್ದರೆ ಆಯಿತು. ಮುಂದಿನ ಸುತ್ತಿಗೆ ನಿಮ್ಮ ಹೆಸರು ಬರೆದುಕೊಂಡೆ. ಮಕ್ಕಳಿಗೆ ಹೇಳಿದ್ದೇನೆ, ಒಬ್ಬರು ಹೊಸಬರು ಬರುತ್ತಾರೆ, ನೀವೇ ಕಲಿಸಬೇಕು ಅಂತ.

ಪಿಯುಸಿ_ಹುಡುಗಿ

ಅಕ್ಕ, ನಿಮ್ಮ ರಂಗೋಲಿ ಚುಕ್ಕಿ ಮಾಡಿದೆ! ಅಮ್ಮನಿಗೂ ಕಂಡಿತು! ಆದರೆ ನಮ್ಮದು ಮೇಲೆ ಬರಲಿಲ್ಲ, ಹಾಳೆಯ ಒಳಗೆ ಹೋಗಿ ಕೂತ ಹಾಗೆ, ಬಾವಿಯಲ್ಲಿ ಬಿದ್ದ ಹಾಗೆ ಕಾಣುತ್ತಿದೆ. ತಪ್ಪಾಯಿತಾ?

ಅಮಾವಾಸ್ಯೆಗೆ_ಕಾಯುವವಳು

ಇಲ್ಲ ಪುಟ್ಟ, ತಪ್ಪಲ್ಲ. ಎಡಗಡೆ ಕಾರ್ಡಿನಲ್ಲಿ ಚುಕ್ಕಿಯನ್ನು ಎಡಕ್ಕೆ ಸರಿಸಿರುತ್ತೀಯ, ನೋಡು. ಬಲಕ್ಕೆ ಸರಿಸಿದರೆ ಏಳುತ್ತದೆ, ಎಡಕ್ಕೆ ಸರಿಸಿದರೆ ಮುಳುಗುತ್ತದೆ. ಕ್ಯಾರೊಲಿನ್ ಅವರಿಗೂ ಕೆಲವು ಹೀಗೆ ಮುಳುಗಿ ಕಾಣುತ್ತಿದ್ದವು, ಯಾವ ಕಡೆ ಹೋಗುತ್ತಿದೆ ಅನ್ನುವುದರ ಮೇಲೆ. ಕಾರ್ಡು ಎರಡನ್ನೂ ಅದಲು ಬದಲು ಮಾಡಿ ಹಿಡಿ, ಈಗ ಮೇಲೆ ಬರುತ್ತದೆ.

ಪಿಯುಸಿ_ಹುಡುಗಿ

ಬಂತು!!